ಪೋರ್ಷೆ 944 ಕಾರಿನ ಹಿಂಬಾಗಿಲಿನ ಗಾಜಿನಿಂದ ನೀರು ಸೋರುತ್ತಿದೆ. ಅಂಚಿಗೆ ಸಿಲಿಕೋನ್ ಹಚ್ಚಿದರೆ ಸಾಕೇ?

ಸಾಲದು, ದಯವಿಟ್ಟು ಸಿಲಿಕೋನ್ ಹಚ್ಚಲೇಬೇಡಿ. 944ರಲ್ಲಿ ಆ ದೊಡ್ಡ ಬಾಗಿದ ಗಾಜನ್ನು ಲೋಹದ ಚೌಕಟ್ಟಿಗೆ ಅಂಟಿಸಲಾಗಿರುತ್ತದೆ. ವರ್ಷಗಳು ಕಳೆದಂತೆ ಅಂಟು ಒಣಗಿ ಬಿಡುತ್ತದೆ. ಬಾಗಿಲನ್ನು ಎತ್ತಿಹಿಡಿಯುವ ಗ್ಯಾಸ್ ಸ್ಟ್ರಟ್‌ಗಳು ಚೌಕಟ್ಟನ್ನು ತಳ್ಳುತ್ತಲೇ ಇರುವುದರಿಂದ ಅಂಟಿನಲ್ಲಿನ ಬಿರುಕು ಬೆಳೆಯುತ್ತದೆ. ಬಾಗಿಲು ಎತ್ತಿ ಅಂಚನ್ನು ಹತ್ತಿರದಿಂದ ನೋಡಿ: ಗಾಜಿಗೂ ಚೌಕಟ್ಟಿಗೂ ನಡುವೆ ತೆಳ್ಳಗಿನ ಕಾರ್ಡ್ ತೂರಿದರೆ ಅಂಟು ಬಿಟ್ಟಿದೆ ಎಂದೇ ಅರ್ಥ.

ಸರಿಯಾದ ದಾರಿ ಎಂದರೆ ಮರು ಅಂಟಿಸುವುದು. ಗಾಜಿನ ಮಂಜು ಕರಗಿಸುವ ಡಿಫ್ರಾಸ್ಟರ್‌ನ ತಂತಿ ಬಿಚ್ಚಿ, ಇಬ್ಬರು ಸೇರಿ ಬಾಗಿಲನ್ನು ಕಳಚಿ ಇಳಿಸಿ. ಗಾಜು ಬಹಳ ಭಾರ. ಚೌಕಟ್ಟನ್ನು ಬೇರ್ಪಡಿಸಿದ ಮೇಲೆ ಹಳೆಯ ಅಂಟನ್ನು ಕೆರೆದು ತೆಗೆಯುವುದೇ ಕೆಲಸದ ಮುಕ್ಕಾಲು ಪಾಲು. ಇಲ್ಲಿ ಅವಸರ ಬೇಡ. ಸಿಲಿಕೋನ್ ಲವಲೇಶ ಉಳಿದರೂ ಹೊಸ ಅಂಟು ಅಲ್ಲಿ ಹಿಡಿಯುವುದಿಲ್ಲ, ಮೇಲೆ ಬೇಡವೆಂದದ್ದು ಅದಕ್ಕೇ. ಬಳಿಕ ಅಂಟು ಚೆನ್ನಾಗಿ ಹಿಡಿಯಲು ಮೊದಲು ಬಳಿಯುವ ಪ್ರೈಮರ್ ಹಚ್ಚಿ, ಮುಂಗಾಜು ಕೂರಿಸಲು ಬಳಸುವ ಪಾಲಿಯುರೆಥೇನ್ ಅಂಟನ್ನು ಎಲ್ಲೂ ಕಡಿಯದಂತೆ ಒಂದೇ ಎಳೆಯಾಗಿ ಸುರಿಯಿರಿ. ಗಾಜನ್ನು ಕೂರಿಸಿ ಮೃದುವಾಗಿ ಬಿಗಿದಿಡಿ. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಡಬ್ಬಿಯ ಮೇಲಿನ ಅವಧಿಗಿಂತ ಒಂದು ದಿನ ಹೆಚ್ಚೇ ಬಿಡಿ.

ಬಾಗಿಲು ಮತ್ತೆ ಕೂರಿಸಿದಾಗ ಕೆಳಮೂಲೆಗಳ ಎರಡು ಪಿನ್‌ಗಳು ಲಾಕ್‌ನೊಳಗೆ ನೇರವಾಗಿ ಇಳಿಯುವಂತೆ ಹೊಂದಿಸಿ. ಓರೆಯಾಗಿದ್ದರೆ ಪ್ರತಿ ಸಲ ಮುಚ್ಚಿದಾಗಲೂ ಚೌಕಟ್ಟು ತಿರುಚಿ, ಹೊಸ ಅಂಟೂ ಬಿಡುತ್ತದೆ. ಸ್ಪೇರ್ ಚಕ್ರದ ಗುಂಡಿಯಲ್ಲಿ ನಿಂತ ನೀರನ್ನೂ ಒರೆಸಿ ತುಕ್ಕು ಹಿಡಿದಿದೆಯೇ ನೋಡಿ.