ಕೊನೆಯ ಒಂದು ನಿಮಿಷ ಕತ್ತರಿಸಿದವನ ಉತ್ತರ

ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್‌ನ ಮೂರು ಹಿಟ್ ಹಾಡು ಕೇಳಿದೆ, ಇಂಪಾಗಿವೆ, ಆದರೆ 50 ವರ್ಷ ದಾಟಿದ ಮೇಲೂ ಇಷ್ಟು ಹೊಗಳೋಕೆ ಏನಿದೆ, ಮೊದಲು ಅಮೆರಿಕದ ಚರಿತ್ರೆ ಓದಿಕೊಳ್ಳಬೇಕಾ ಅಂತ ಕೇಳಿದ್ದೀರಿ. ಆ ಮೂರು ಯಾವುವು ಅಂತ ನೀವು ಬರೆದಿಲ್ಲ. ಬರೆಯುವುದೂ ಬೇಡ. ನಾನು ಕೊಂಡಿದ್ದೂ ಅವೇ ಮೂರು.

2010ರ ಮಾತು. ಡೆಟ್ರಾಯಿಟ್ ಪಕ್ಕದ ಟ್ರಾಯ್ ಊರಿನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕೆಲಸ. ಸಾಗರದಿಂದ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಫಿ ಕುಡಿದರೂ ಡಾಲರನ್ನು ರೂಪಾಯಿಗೆ ಗುಣಿಸಿ ನೋಡುವ ಕಾಲ. ನಮ್ಮ ಸೆಕ್ಷನ್‌ನಲ್ಲಿ ಅರವತ್ತರ ಹತ್ತಿರದ ಒಬ್ಬರು ಇದ್ದರು. ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದ ಕಪ್ಪು ಜನಾಂಗದವರು. ಅವರ ಅಣ್ಣ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಅವರ ಕಾರು ರಿಪೇರಿಗೆ ಹೋಗಿತ್ತು ಅಂತ ಎರಡು ವಾರ ನನ್ನ ಕಾರಿನಲ್ಲೇ ಬರುತ್ತಿದ್ದರು. ಡೆಟ್ರಾಯಿಟ್‌ಗೆ ಬಂದು ಈ ಆಲ್ಬಮ್ ಕೇಳದೆ ಇದ್ದರೆ ಹೇಗೆ, ನನ್ನ ಹತ್ತಿರ 71ರಲ್ಲಿ ಕೊಂಡ ಎಲ್‌ಪಿ ಇದೆ, ತಂದು ತೋರಿಸ್ತೀನಿ ಅಂದರು.

ನಾನು ಮನೆಗೆ ಹೋಗಿ ನೋಡಿದೆ. ಒಂಬತ್ತು ಹಾಡು. ಒಂದೊಂದಕ್ಕೆ ಒಂದು ಡಾಲರ್ ಚಿಲ್ಲರೆ. ಪೂರ್ತಿ ಯಾಕೆ, ಹಿಟ್ ಆದ ಮೂರು ಸಾಕು ಅಂದುಕೊಂಡೆ. ಆಲ್ಬಮ್ ಹೆಸರಿನದೇ ಹಾಡು, ‘ಮರ್ಸಿ ಮರ್ಸಿ ಮಿ’, ‘ಇನ್ನರ್ ಸಿಟಿ ಬ್ಲೂಸ್’. ಆರು ಡಾಲರ್ ಉಳಿಯಿತು.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಬರೀ ಜಿಪುಣತನ. ಮುಂದೆ ಮಾಡಿದ್ದು ದಡ್ಡತನ. ‘ಇನ್ನರ್ ಸಿಟಿ ಬ್ಲೂಸ್’ ಐದು ನಿಮಿಷ ದಾಟುವ ಹಾಡು. ಅದರ ಕೊನೆ ಬರುತ್ತಿದ್ದ ಹಾಗೆ ತಾಳ ಕರಗಿ ಹೋಗುತ್ತದೆ, ಎಲ್ಲಿಂದಲೋ ಮೊದಲನೇ ಹಾಡಿನ ಸಾಲು ಬಂದುಬಿಡುತ್ತದೆ. ‘ಅಮ್ಮಾ, ಅಮ್ಮಾ’ ಅಂತ ಕರೆಯುವ ಸಾಲು. ನನಗೆ ಅನ್ನಿಸಿದ್ದು ಏನು ಗೊತ್ತಾ? ಫೈಲ್ ಕೆಟ್ಟಿದೆ, ಒಂದು ಹಾಡು ಇನ್ನೊಂದರೊಳಗೆ ಸೋರಿದೆ! ನಾನು ಇಂಜಿನಿಯರ್ ಅಲ್ವಾ, ಸರಿ ಮಾಡದೆ ಬಿಡುತ್ತೇನಾ? ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡು ಕೊನೆಯ ಒಂದು ನಿಮಿಷದಷ್ಟನ್ನು ಕತ್ತರಿಸಿದೆ. ಕತ್ತರಿಸಿದ್ದು ಗೊತ್ತಾಗಬಾರದು ಅಂತ ದನಿ ನಿಧಾನವಾಗಿ ಇಳಿಯುವ ಹಾಗೆ ಮಾಡಿದೆ. ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಆಮೇಲೆ ಸಿಡಿಗೆ ಹಾಕಿಕೊಂಡೆ.

ಮರುದಿನ ಕಾರಿನಲ್ಲಿ ಹಾಕಿದೆ. ಅವರಿಗೆ ಖುಷಿ. ಡ್ಯಾಶ್‌ಬೋರ್ಡ್ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದರು. ‘ಇನ್ನರ್ ಸಿಟಿ ಬ್ಲೂಸ್’ ಮುಗಿಯಿತು. ಅವರ ಬೆರಳು ಹಾಗೇ ನಿಂತಿತು. ಕಾಯುತ್ತಿದ್ದರು. ಸಿಡಿ ತಿರುಗಿ ಮೊದಲನೇ ಹಾಡಿಗೆ ಹೋಯಿತು. ಉಳಿದದ್ದು ಎಲ್ಲಿ ಅಂತ ಕೇಳಿದರು. ನಾನು ಹೆಮ್ಮೆಯಿಂದ, ಅದರಲ್ಲಿ ಒಂದು ದೋಷ ಇತ್ತು, ತೆಗೆದುಹಾಕಿದೆ ಅಂದೆ.

ಅವರು ಬೈಯಲಿಲ್ಲ. ಅಣ್ಣ ವಾಪಸ್ ಬಂದ ವರ್ಷ ಮನೆಯಲ್ಲಿ ಈ ತಟ್ಟೆ ಎಷ್ಟು ಸಲ ತಿರುಗಿತೋ, ಅವನು ಮಾತಾಡುತ್ತಿರಲಿಲ್ಲ, ಆ ಕೊನೆ ಬಂದಾಗ ಮಾತ್ರ ಎದ್ದು ಹೋಗಿ ತಟ್ಟೆ ತಿರುವಿ ಮತ್ತೆ ಮೊದಲಿಂದ ಹಾಕುತ್ತಿದ್ದ ಅಂದರು. ಅಷ್ಟೇ. ಆಮೇಲೆ ಕಿಟಕಿಯಾಚೆ ನೋಡುತ್ತಾ ಕೂತರು. ಆ ಎಲ್‌ಪಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹಾಡಿನ ಸುದ್ದಿಯನ್ನೂ ಮತ್ತೆ ಎತ್ತಲಿಲ್ಲ. ಕಾರು ರಿಪೇರಿಯಾಗಿ ಬಂತು, ಮುಂದಿನ ವರ್ಷ ನಿವೃತ್ತರಾಗಿ ಬೇರೆ ರಾಜ್ಯಕ್ಕೆ ಹೋದರು. ನಾನು ಉಳಿಸಿದ್ದು ಆರು ಡಾಲರ್.

ಹಿಮ ಬಿದ್ದು ರಸ್ತೆ ಮುಚ್ಚಿದ್ದ ಒಂದು ದಿನ ಉಳಿದ ಆರನ್ನೂ ಕೊಂಡು, ಕತ್ತರಿಸಿದ್ದ ಹಾಡನ್ನು ಮತ್ತೆ ಇಳಿಸಿಕೊಂಡು, ಮೊದಲಿಂದ ಕೊನೆಯವರೆಗೆ ಕೇಳಿದೆ. ಒಟ್ಟು 36 ನಿಮಿಷವೂ ಇಲ್ಲ. ಶುರುವಿನಲ್ಲೇ ಪಾರ್ಟಿಯ ಗಲಾಟೆ, ಏನಪ್ಪಾ ಸಮಾಚಾರ ಅನ್ನುವ ದನಿಗಳು. ಅದರಲ್ಲಿ ಇಬ್ಬರು ಡೆಟ್ರಾಯಿಟ್ ಲಯನ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರರು, ಮೆಲ್ ಫಾರ್ ಮತ್ತು ಲೆಮ್ ಬಾರ್ನಿ. ಮೊದಲ ಹಾಡು ಮುಗಿಯುವ ಮುಂಚೆಯೇ ಎರಡನೆಯದು ಅದರ ಹೊಟ್ಟೆಯಿಂದ ಹುಟ್ಟುತ್ತದೆ. ಯುದ್ಧದಿಂದ ಮರಳಿದ ಹುಡುಗ ಊರಿನ ಸಮಾಚಾರ ಕೇಳುತ್ತಾನೆ. ಕೆಲಸ ಸಿಗುತ್ತಾ, ನಾವು ಕುಣಿಯುತ್ತಿದ್ದ ಜಾಗ ಇನ್ನೂ ಇದೆಯಾ, ಈ ಸಲ ನಮ್ಮ ಟೀಮ್ ಗೆಲ್ಲುತ್ತಾ? ಗೇ ಅವರ ತಮ್ಮ ಫ್ರಾಂಕಿ ವಿಯೆಟ್ನಾಂನಿಂದ ಬಂದು ಹೇಳಿದ ಕಥೆಗಳೇ ಇದರ ಬೇರು. ಮೂರನೆಯದು ಜೋಗುಳದ ಹಾಗೆ ತೇಲುತ್ತದೆ. ಅದು ಹೆರಾಯಿನ್ ಚಟದ ಹಾಡು. ಬಿಡಿಬಿಡಿಯಾಗಿ ಕೇಳಿದರೆ ಸುಮ್ನೆ ಇಂಪು ಅನ್ನಿಸುತ್ತದೆ, ಸರದಿಯಲ್ಲಿ ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮೂರು ಹಿಟ್ ಮಾತ್ರ ಕೇಳುವುದು ರಾತ್ರಿಯಿಡೀ ಬಯಲಾಟಕ್ಕೆ ಹೋಗಿ ಚಂಡೆ ಜೋರಾದಾಗ ಮಾತ್ರ ಎಚ್ಚರ ಆದ ಹಾಗೆ.

ಕೊನೆಗೆ ಆ ‘ದೋಷ’ ಬಂತು. ಯುದ್ಧ, ಚಟ, ಪಾದರಸ ತುಂಬಿದ ಮೀನು, ಕಟ್ಟಿ ಮುಗಿಯದ ಬಿಲ್‌ಗಳು, ಚಂದ್ರನಿಗೆ ರಾಕೆಟ್ ಹಾರಿಸಿ ಬಡವನನ್ನು ಮರೆತವರು, ಇಷ್ಟನ್ನೂ ಸುತ್ತಿ ಬಂದು ಮತ್ತೆ ಅಮ್ಮನ ಬಾಗಿಲಲ್ಲಿ ನಿಂತಿದ್ದಾನೆ ಮನುಷ್ಯ. ಉತ್ತರ ಸಿಕ್ಕಿಲ್ಲ. ನಾನು ಕತ್ತರಿ ಹಾಕಿದ್ದು ಸರಿಯಾಗಿ ಅಲ್ಲಿಗೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಚರಿತ್ರೆ ಮೊದಲು ಓದಬೇಡಿ. ಓದಿದರೆ ‘ಸಂದೇಶ’ ಹುಡುಕುತ್ತಾ ಕೂರುತ್ತೀರಿ. ಆ ಕಾಲದಲ್ಲಿ ಘೋಷಣೆ ಕೂಗಿದ ಎಷ್ಟೋ ಹಾಡು ಇವತ್ತು ಹಳಸಿವೆ. ಇದು ಕೂಗುವುದಿಲ್ಲ. ಹೆಸರು ನೋಡಿ, ಪ್ರಶ್ನೆಯ ಮಾತು, ಆದರೆ ಪ್ರಶ್ನಾರ್ಥಕ ಚಿಹ್ನೆ ಇಲ್ಲ. ಆ ಹೆಸರಿನ ಹಾಡಿನ ಬೀಜ ಗೇ ಅವರದಲ್ಲ. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರತಿಭಟನೆಗೆ ಇಳಿದ ಹುಡುಗರನ್ನು ಪೊಲೀಸರು ಬಡಿದದ್ದನ್ನು ಫೋರ್ ಟಾಪ್ಸ್ ಗಾಯಕ ತಂಡದ ಓಬಿ ಬೆನ್ಸನ್ ಕಂಡಿದ್ದರು, ಹಾಡು ಹುಟ್ಟಿದ್ದು ಅದರಿಂದ, ಆದರೆ ಪ್ರತಿಭಟನೆಯ ಹಾಡು ಅಂತ ಅವರ ತಂಡದವರೇ ಬೇಡ ಅಂದರು. ಗೇ ಕೈಗೆ ಬಂದಾಗ ಅವರು ಶೋಕದಲ್ಲಿದ್ದರು. ಜೊತೆಗೆ ಹಾಡುತ್ತಿದ್ದ ಟ್ಯಾಮಿ ಟೆರೆಲ್ 1970ರ ಮಾರ್ಚ್‌ನಲ್ಲಿ, 24ನೇ ವಯಸ್ಸಿಗೆ ಮೆದುಳಿನ ಗೆಡ್ಡೆಯಿಂದ ತೀರಿಕೊಂಡಿದ್ದರು. ಅದಕ್ಕೇ ಇದು ಭಾಷಣ ಆಗಲಿಲ್ಲ ಅಂತ ನನ್ನ ಲೆಕ್ಕ.

ಗೇ ಅವರ ರೆಕಾರ್ಡ್ ಕಂಪನಿ ಮೋಟೌನ್. ಅದರ ಯಜಮಾನ ಬೆರಿ ಗಾರ್ಡಿಗೆ ಹಾಡು ಹಿಡಿಸಲಿಲ್ಲ. ಇದನ್ನು ಬಿಡುಗಡೆ ಮಾಡುವವರೆಗೆ ಬೇರೆ ಏನೂ ಹಾಡುವುದಿಲ್ಲ ಅಂತ ಗೇ ಕೂತುಬಿಟ್ಟರು. 1971ರ ಜನವರಿಯಲ್ಲಿ ಹಾಡು ಬಂತು, ಬಿಸಿ ದೋಸೆಯ ಹಾಗೆ ಖರ್ಚಾಯಿತು, ಆಮೇಲೆ ಅದೇ ಗಾರ್ಡಿ ಆಲ್ಬಮ್ ಬೇಗ ಕೊಡು ಅಂದರು. ಮೇ ತಿಂಗಳಲ್ಲಿ ಆಲ್ಬಮ್ ಹೊರಬಂತು. ಗೇ ಎರಡು ಬೇರೆ ಬೇರೆ ಸಲ ಹಾಡಿದ್ದನ್ನು ಇಂಜಿನಿಯರ್ ತಪ್ಪಿ ಒಟ್ಟಿಗೆ ನುಡಿಸಿದಾಗ, ತನ್ನದೇ ದನಿಯ ಜುಗಲ್‌ಬಂದಿ ಅವರಿಗೆ ಹಿಡಿಸಿತು, ಹಾಗೇ ಉಳಿಸಿಕೊಂಡರು. ಇದು ಓದಿದಾಗ ನಾನು ನಕ್ಕೆ. ಆ ಇಂಜಿನಿಯರ್‌ನ ತಪ್ಪು ಎಲ್ಲಿ, ನನ್ನ ತಪ್ಪು ಎಲ್ಲಿ!

ಎಲ್ಲವೂ ಚಿನ್ನ ಅನ್ನುವುದಿಲ್ಲ. ‘ಸೇವ್ ದ ಚಿಲ್ಡ್ರನ್’ನಲ್ಲಿ ಸಾಲುಗಳನ್ನು ಒಮ್ಮೆ ಆಡಿ ಒಮ್ಮೆ ಹಾಡುವುದು ನನಗೆ ಇವತ್ತಿಗೂ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. 2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ತನ್ನ 500 ಆಲ್ಬಮ್‌ಗಳ ಪಟ್ಟಿಯಲ್ಲಿ ಇದನ್ನು ಮೊದಲ ಸ್ಥಾನಕ್ಕೆ ಏರಿಸಿತು, ಆ ಪಟ್ಟಿಯನ್ನೂ ತಲೆಗೆ ಹಾಕಿಕೊಳ್ಳಬೇಡಿ.

ಎಲ್‌ಪಿ ಬೇಕೇ ಬೇಕು ಅಂತಿಲ್ಲ, ಫೋನ್ ಸಾಕು. ಆದರೆ ಫೋನಿನ ಸ್ಪೀಕರ್ ಬೇಡ, ಜೇಮ್ಸ್ ಜೇಮರ್ಸನ್ ಅವರ ಬೇಸ್ ಗಿಟಾರ್ ಅದರಲ್ಲಿ ಸತ್ತೇ ಹೋಗುತ್ತದೆ. ಇಯರ್‌ಫೋನ್ ಹಾಕಿ, ಶಫಲ್ ಆಫ್ ಮಾಡಿ. ‘ಮರ್ಸಿ ಮರ್ಸಿ ಮಿ’ ಆದ ಮೇಲೆ ಎಲ್‌ಪಿಯ ಮೊದಲ ಮಗ್ಗುಲು ಮುಗಿಯುತ್ತದೆ, ಬೇಕಿದ್ದರೆ ಅಲ್ಲಿ ಎದ್ದು ನೀರು ಕುಡಿಯಿರಿ. ಬೇರೆಲ್ಲೂ ನಿಲ್ಲಿಸಬೇಡಿ. ಅಂದ ಹಾಗೆ, ಮೂರು ಹಿಟ್ ಕೇಳಿದೆ ಅಂದಿರಲ್ಲ, ಅದರಲ್ಲಿ ‘ಇನ್ನರ್ ಸಿಟಿ ಬ್ಲೂಸ್’ ಇದ್ದೇ ಇರುತ್ತದೆ, ನಿಮ್ಮದು ಎಷ್ಟು ನಿಮಿಷದ್ದು? ಐದಕ್ಕಿಂತ ಕಡಿಮೆ ಇದ್ದರೆ ಅದನ್ನು ಮೊದಲು ಬದಲಾಯಿಸಿ.