ವಿಟಮಿನ್ ಇ ಮಾತ್ರೆಗೂ ಒಸಡಿನ ರಕ್ತಕ್ಕೂ ಸಂಬಂಧವಿದೆಯೇ?

ನಿಮ್ಮ ತಂದೆಯವರು ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಜೊತೆಗೆ ದಿನಕ್ಕೆರಡು ವಿಟಮಿನ್ ಇ 400 ಯೂನಿಟ್ ಮಾತ್ರೆ ತಗೋತಿದ್ದಾರೆ, ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬರುತ್ತಿದೆ, ಸಂಬಂಧ ಇರಬಹುದೇ ಅಂತ ಕೇಳಿದ್ದೀರಿ. ಖಂಡಿತ ಇರಬಹುದು. ದಯವಿಟ್ಟು ಇವತ್ತೇ ಅವರ ವೈದ್ಯರಿಗೆ ಫೋನ್ ಮಾಡಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಿ.

ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಯಕೃತ್ತು ತಯಾರಿಸುವುದು ವಿಟಮಿನ್ ಕೆ ನೆರವಿನಿಂದ. ವಾರ್ಫರಿನ್ ತಡೆಯುವುದು ಆ ಕೆಲಸವನ್ನೇ. ವಿಟಮಿನ್ ಇ ಅತಿಯಾದರೆ ಅದೂ ವಿಟಮಿನ್ ಕೆಗೆ ಅಡ್ಡ ಬರುತ್ತದೆ. ಜೊತೆಗೆ ಪ್ಲೇಟ್‌ಲೆಟ್‌ಗಳು (ರಕ್ತ ನಿಲ್ಲಲು ನೆರವಾಗುವ ಕಣಗಳು) ಒಂದಕ್ಕೊಂದು ಅಂಟಿಕೊಳ್ಳುವುದನ್ನೂ ಕಡಿಮೆ ಮಾಡುತ್ತದೆ. ಹೀಗೆ ಎರಡೂ ಸೇರಿ ರಕ್ತ ನಿಲ್ಲುವುದೇ ಕಷ್ಟವಾಗುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಇ ಸುಮಾರು 15 ಮಿಲಿಗ್ರಾಂ. ನೈಸರ್ಗಿಕ ರೂಪದ ಒಂದು 400 ಯೂನಿಟ್ ಮಾತ್ರೆಯಲ್ಲೇ 268 ಮಿಲಿಗ್ರಾಂ ಇರುತ್ತದೆ! ಕೊಬ್ಬಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ಹೆಚ್ಚಾದದ್ದು ಮೈಯಲ್ಲೇ ಉಳಿಯುತ್ತದೆ.

‘ವಿಟಮಿನ್ ತಾನೇ, ಏನಾಗುತ್ತೆ’ ಅನ್ನುವವರಿಗೆ ಇದನ್ನು ಹೇಳಿ: ಅಮೆರಿಕದ ಪುರುಷ ವೈದ್ಯರ ಮೇಲೆ ನಡೆಸಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ದಿನ ಬಿಟ್ಟು ದಿನ 400 ಯೂನಿಟ್ ತಗೊಂಡವರಲ್ಲಿ ಮಿದುಳಿನ ರಕ್ತಸ್ರಾವದ ಪಾರ್ಶ್ವವಾಯು ಹೆಚ್ಚು ಕಂಡುಬಂತು.

ಒಂದು ಎಚ್ಚರಿಕೆ. ಹೆದರಿ ವಾರ್ಫರಿನ್ ಅನ್ನು ನೀವಾಗಿ ನಿಲ್ಲಿಸಬೇಡಿ, ವಿಟಮಿನ್ ಕೆ ಮಾತ್ರೆಯನ್ನೂ ಕೊಡಬೇಡಿ. ಹೆಪ್ಪುಗಟ್ಟಿ ಬೇರೆ ಅನಾಹುತವಾದೀತು. ಮೀನೆಣ್ಣೆ, ಆಸ್ಪಿರಿನ್, ನೋವಿನ ಮಾತ್ರೆ ಏನಾದರೂ ನಡೆಯುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಮಲ ಕಪ್ಪಾದರೆ, ಮೂತ್ರ ಕೆಂಪಾದರೆ, ಇದ್ದಕ್ಕಿದ್ದಂತೆ ವಿಪರೀತ ತಲೆನೋವು ಬಂದರೆ ಅಥವಾ ತಲೆಗೆ ಪೆಟ್ಟು ಬಿದ್ದರೆ ಫೋನಿಗೆ ಕಾಯದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.