ಕಾಂಡ್ಲಾ ಸಸಿಗೆ ಗೊಬ್ಬರ ಕೇಳುವವರಿಗೆ

ಪ್ರಶ್ನೆ: ಅಳಿವೆಯ ಕೆಸರುಬಯಲಲ್ಲಿ ನೆಟ್ಟ ರೈಜೋಫೋರಾ ಎಂಬ ಕಾಂಡ್ಲಾ (ಮ್ಯಾಂಗ್ರೋವ್) ಜಾತಿಯ ಸಸಿಗಳಲ್ಲಿ ಮುಕ್ಕಾಲು ಪಾಲು ಆರು ತಿಂಗಳಲ್ಲೇ ಸತ್ತವು. ಯಾವ ಗೊಬ್ಬರ ಹಾಕಲಿ?

ಯಾವುದೂ ಬೇಡ. ಬೇರು ಬರಿಸುವ ಪುಡಿ, ‘ಉಪ್ಪು ತಡೆಯುವ’ ದ್ರಾವಣ ಮಾರಲು ಬಂದವರನ್ನು ಬಾಗಿಲಲ್ಲೇ ಕಳಿಸಿಬಿಡಿ. ನಿಮ್ಮ ಸಸಿ ಹಸಿವಿನಿಂದ ಸತ್ತಿಲ್ಲ, ಉಸಿರುಗಟ್ಟಿ ಸತ್ತಿದೆ. ಖಾಲಿ ಕೆಸರು ಕಂಡಲ್ಲೆಲ್ಲ ನೆಡುವವರು ಒಂದು ಪ್ರಶ್ನೆ ಕೇಳಿಕೊಳ್ಳುವುದೇ ಇಲ್ಲ: ಇಲ್ಲಿ ಮೊದಲಿನಿಂದಲೂ ಕಾಂಡ್ಲಾ ಏಕೆ ಬೆಳೆದಿಲ್ಲ? ಕಾಂಡ್ಲಾ ಬದುಕುವುದು ಸಮುದ್ರದ ಸರಾಸರಿ ಮಟ್ಟದಿಂದ ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ತಲುಪುವವರೆಗಿನ ಪಟ್ಟಿಯಲ್ಲಿ. ಅದಕ್ಕಿಂತ ತಗ್ಗಿನಲ್ಲಿ ಕಾಂಡದ ಗಾಳಿರಂಧ್ರಗಳು ಹೆಚ್ಚು ಹೊತ್ತು ನೀರಲ್ಲೇ ಮುಚ್ಚಿರುತ್ತವೆ. ಎಳೆಕಾಂಡಕ್ಕೆ ಬಾರ್ನಕಲ್ ಎಂಬ ಕಡಲಜೀವಿಯ ಚಿಪ್ಪುಗಳು ಮೆತ್ತಿಕೊಂಡರೆ ಸಸಿ ಭಾರಕ್ಕೆ ಬಾಗಿ ಬೀಳುತ್ತದೆ.

ಅಳೆಯುವುದು ಸುಲಭ. ಹತ್ತಿರದ ಸಹಜ ಕಾಡಿನಲ್ಲಿ ಅದೇ ಜಾತಿಯ, ನೀರಿನ ಕಡೆಗೆ ಎಲ್ಲಕ್ಕಿಂತ ಮುಂದಿರುವ ಮರ ಹುಡುಕಿ. ಅದರ ಬುಡದ ಕೆಸರಿನ ಮಟ್ಟವನ್ನು ಗಾರೆಯವರ ನೀರು ತುಂಬಿದ ಲೆವೆಲ್ ಪೈಪಿನಿಂದ ನಿಮ್ಮ ಜಾಗಕ್ಕೆ ತಂದು ಗೂಟಕ್ಕೆ ಗುರುತು ಹಾಕಿ. ನಿಮ್ಮ ಕೆಸರು ಗುರುತಿಗಿಂತ ಕೆಳಗಿದ್ದರೆ ನೆಡಲೇಬೇಡಿ. ಹಳೆಯ ಕಟ್ಟೆ ನೀರಿನ ದಾರಿ ತಡೆದಿದ್ದರೆ ಅದನ್ನು ಹಳೆಯ ತೋಡಿನ ಬಾಯಲ್ಲೇ ಒಡೆಯಿರಿ. ಸಮೀಪದಲ್ಲಿ ತಾಯಿಮರಗಳಿದ್ದರೆ ಮೊಳಕೆಗಳು ತಾವೇ ತೇಲಿಬರುತ್ತವೆ, ನೆಡುವ ಖರ್ಚೂ ಉಳಿಯುತ್ತದೆ.

ಮಟ್ಟ ಸರಿಯಿದ್ದರೆ ಮಾತ್ರ ಮುಂದಿನ ಮಾತು. ಕಾಯಿಗೂ ಅದರಿಂದ ಇಳಿಬಿದ್ದ ಕೋಲಿನಂಥ ಮೊಳಕೆಗೂ ನಡುವೆ ತಿಳಿಬಣ್ಣದ ಕತ್ತು ಹೊರಬಂದಿರುವ, ಹುಳು ಕೊರೆಯದ್ದನ್ನು ಆರಿಸಿ. ಕಾಯಿಯನ್ನು ಜಗ್ಗಿ ಕೀಳಬೇಡಿ, ಒಳಗಿನ ಮೊಗ್ಗು ಮುರಿಯುತ್ತದೆ. ಮೊಗ್ಗಿನ ತುದಿ ಮೇಲಿರಲಿ, ಇನ್ನೊಂದು ತುದಿ 5ರಿಂದ 7 ಸೆಂ.ಮೀ. ಕೆಸರಿಗಿಳಿದರೆ ಸಾಕು. ಭದ್ರವಾಗಲೆಂದು ಅರ್ಧಕ್ಕರ್ಧ ಹೂಳುವವರೂ ಇದ್ದಾರೆ, ತಲೆಕೆಳಗು ನೆಡುವವರೂ ಇದ್ದಾರೆ.

ಪ್ರಶ್ನೆ: ಕುಂಡದ ಕಾಂಡ್ಲಾಕ್ಕೆ ಉಪ್ಪುನೀರೇ ಬೇಕೆ?

ಬೇಡ. ಅದು ಉಪ್ಪು ತಾಳುತ್ತದೆ, ಉಪ್ಪಿಲ್ಲದಿದ್ದರೆ ಸಾಯುವುದಿಲ್ಲ.

ಪ್ರಶ್ನೆ: ಅವಿಸೀನಿಯಾ ಎಂಬ ಕಾಂಡ್ಲಾ ಮರದ ಬುಡದ ಸುತ್ತ ಪೆನ್ಸಿಲಿನಂತೆ ಎದ್ದ ಬೇರುಗಳು ಓಡಾಟಕ್ಕೆ ಅಡ್ಡಿ. ಸವರಬಹುದೆ?

ಮರ ಅವುಗಳಿಂದಲೇ ಉಸಿರಾಡುವುದು. ನೀವೇ ಸುತ್ತಿಕೊಂಡು ಹೋಗಿ.

ಪ್ರಶ್ನೆ: ಕೊಂಬೆ ಮುರಿದಾಗ ಬಿಳಿ ಹಾಲು ಕಣ್ಣಿಗೆ ಬಿತ್ತು. ಎಣ್ಣೆ ಬಿಡಲು ಹೇಳುತ್ತಾರೆ.

ಬಿಡಬೇಡಿ. ಅದು ಎಕ್ಸೋಕೇರಿಯಾ ಎಂಬ ಕಾಂಡ್ಲಾ ಜಾತಿಯ ಮರ ಇರಬೇಕು, ಅದರ ಹಾಲು ತಾತ್ಕಾಲಿಕವಾಗಿ ಕುರುಡು ಮಾಡಬಲ್ಲದು. ಕಣ್ಣುಜ್ಜದೆ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ಬಿಡದೆ ತೊಳೆದು, ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಉತ್ತರಕ್ಕೆಂದು ಇಲ್ಲಿಗೆ ಬರೆದು ಕಾಯುವ ವಿಷಯವಲ್ಲ ಇದು.